ಹಾಳೆ ಬಿಟ್ಟು ಹೋಗದ ಕಣಗಳ ಬೆನ್ನು ಹತ್ತಿ

ನಾನು ರಾಣೆಬೆನ್ನೂರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ, ಮನೆ ಹಾವೇರಿ. ಪಿಎಚ್‌.ಡಿ. ಯಾವುದರ ಮೇಲೆ ಎಂದು ಕೇಳಿದವರಿಗೆ ನಾನು ಬಾಯಿಬಿಟ್ಟರೆ ಸಾಕು, ಏನಾದರೊಂದು ಆಗಿಯೇ ತೀರುತ್ತಿತ್ತು.

ಬಸ್ಸಿನಲ್ಲಿ

ಪಕ್ಕದ ಸೀಟಿನ ಹಿರಿಯರು ನನ್ನ ಲೆಕ್ಕದ ಹಾಳೆಗೆ ಇಣುಕಿ, "ಏನ್ರಿ ಸರ ಇದು?" ಎಂದರು.

"ನಮ್ಮ ಜಗತ್ತು ದೊಡ್ಡ ಜಾಗಾದಾಗ ತೇಲೋ ಒಂದು ತೆಳು ಹಾಳಿ ಅಂತ ತಿಳ್ಕೋರಿ. ಅದಕ್ಕ ಬ್ರೇನ್ ಅಂತಾರ, ತಲಿಯೊಳಗಿನ ಮೆದುಳಲ್ಲ ಮತ್ತ. ಎಲೆಕ್ಟ್ರಾನಿನಂಥ ಕಣ ಅದನ್ನ ಬಿಟ್ಟು ಯಾಕ ಹೋಗೂದಿಲ್ಲ ಅಂತ ನೋಡಾಕತ್ತೇನಿ."

"ಎಷ್ಟು ವರ್ಷ ಆತು?"

"ಆರು."

"ಅಂದ್ರ ಅವೂ ಎಲ್ಲೂ ಹೋಗಿಲ್ಲ, ನೀವೂ ಎಲ್ಲೂ ಹೋಗಿಲ್ಲ ಅನ್ರಿ."

ಕ್ಷೇತ್ರ

ಲೆಕ್ಕದಲ್ಲಿ ಆ ಕಣಗಳನ್ನು ಸ್ಪಿನಾರ್ ಕ್ಷೇತ್ರ ಎನ್ನುತ್ತಾರೆ. ನಾನು ಅದರ ಬೆನ್ನು ಹತ್ತಿದ್ದೇನೆಂದು ಕೇಳಿದ ಪಕ್ಕದ ಮನೆಯ ಅಕ್ಕ ಕೈಮುಗಿದು, "ಎಲ್ಲಿ ಬರ್ತದರಿ? ಕಾಗಿನೆಲಿ ದಾಟಿ ಹೋಗಬೇಕೇನು?" ಎಂದರು.

ನನ್ನ ಹೆಂಡತಿ ಒಳಗಿನಿಂದಲೇ ಹೇಳಿದಳು: "ಇವರಿಗೇ ಇನ್ನೂ ದಾರಿ ಸಿಕ್ಕಿಲ್ಲರಿ."

ಎರಡು ಸುತ್ತು

ಬ್ಯಾಡಗಿಯಲ್ಲಿ ಅತ್ತೆ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದರು. ಉತ್ಸಾಹ ತಡೆಯದೆ ವಿವರಿಸಿದೆ: "ಈ ಸ್ಪಿನಾರ್ ಒಂದು ಸುತ್ತು ತಿರುಗಿದ್ರ ಉಲ್ಟಾ ಆಗ್ತದರಿ. ಎರಡು ಸುತ್ತು ತಿರುಗಿದ್ರನ ಮೊದಲಿನಂಗ."

ಅತ್ತೆ ತಲೆ ಎತ್ತಲಿಲ್ಲ. "ನಿಮ್ಮ ಮಾವಾರೂ ಹಂಗ. ಪ್ಯಾಟಿಗೆ ಒಮ್ಮೆ ಹೋಗಿ ಬಂದ್ರ ಹೇಳಿದ್ದು ಬಿಟ್ಟು ಬ್ಯಾರೇನ ತರ್ತಾರ. ಎರಡನೇ ಸಲ ಕಳಿಸಿದ್ರನ ಸರಿ."

ಕೊನೆಯ ಬೆಂಚು

ಮೌಖಿಕ ಪರೀಕ್ಷೆಗೆ ಮುಂಚೆ ಮೂರು ದಿನ ಬ್ಯಾಡಗಿಯ ಅತ್ತೆ ಮನೆಯಲ್ಲೇ ಗೋಡೆಗೆ ಮುಖಮಾಡಿ ಉತ್ತರಗಳನ್ನು ಜೋರಾಗಿ ಒಪ್ಪಿಸಿದೆ. ಪರೀಕ್ಷೆಗೆ ಯಾರು ಬೇಕಾದರೂ ಬಂದು ಕೂರಬಹುದಿತ್ತು. ಅತ್ತೆಯೂ ಬಂದು ಕೊನೆಯ ಬೆಂಚಿನಲ್ಲಿ ಕೂತರು.

ಮೈಸೂರು ಕಡೆಯ ಪರೀಕ್ಷಕರು ಕೇಳಿದರು: "ಕಣವನ್ನು ಹಾಳೆಗೆ ಹಿಡಿದಿಡೋಕೆ ಗುರುತ್ವ ಒಂದೇ ಸಾಲದೇನ್ರೀ?"

ಉತ್ತರ ಬರೆದವನು ನಾನೇ. ಆದರೆ ಅದರ ಮೊದಲ ಪದವೇ ನೆನಪಾಗಲಿಲ್ಲ. ನನ್ನ ಗೈಡು ನೆಲ ನೋಡತೊಡಗಿದರು. ಆರು ವರ್ಷ ನೀರುಪಾಲಾದವು ಅಂದುಕೊಂಡೆ. ಅಷ್ಟರಲ್ಲಿ ಹಿಂದಿನಿಂದ ದನಿ ಬಂತು.

"ಸಾಲೂದಿಲ್ರಿ! ಜೋಡಿಗೆ ಇನ್ನೊಂದು ಕ್ಷೇತ್ರ ಬೇಕು. ಹಾಳಿಯ ಈ ಕಡೆ ಮೈನಸ್ಸು, ಆ ಕಡೆ ಪ್ಲಸ್ಸು. ಅವಾಗ ಎಡಗೈ ಕಣ ನಿಲ್ತದ, ಬಲಗೈದು ಓಡಿಹೋಗ್ತದ."

ಸಭೆ ತಿರುಗಿ ನೋಡಿತು. "ಇವರು ಯಾರು?" ಎಂದರು ಪರೀಕ್ಷಕರು.

"ನಮ್ಮತ್ತಿ ಅದಾರ್ರಿ."

ಅದರೊಂದಿಗೆ ನನಗೂ ಬಾಯಿ ಬಂತು. ಬೋರ್ಡಿನ ಮೇಲೆ ಲೆಕ್ಕ ಪೂರ್ತಿ ಬಿಡಿಸಿದೆ. ಪರೀಕ್ಷಕರು ವರದಿ ಬರೆಯಲು ಪೆನ್ನು ತೆಗೆದು ಒಮ್ಮೆ ನನ್ನನ್ನು, ಒಮ್ಮೆ ಕೊನೆಯ ಬೆಂಚನ್ನು ನೋಡಿದರು.

"ಪದವಿಗೆ ನನ್ನ ಒಪ್ಪಿಗೆ ಇದೆ. ಯಾರ ಹೆಸರಿಗೆ ಅಂತ ನೀವಿಬ್ರೂ ಮಾತಾಡಿಕೊಂಡು ಹೇಳಿ."