ಏಳು ಅಂದರೆ ಏಳುವ ಕಾರು

ಹಿದುಕವರೆ ಹಿದುಕುತ್ತಾ ಕೂತಿದ್ದೆ. ನೆನೆದ ಕಾಳು ಒಂದು ಬೋಗುಣಿ ತುಂಬ, ಸಿಪ್ಪೆಗೆ ಮೊರ, ಬೇಳೆಗೆ ತಟ್ಟೆ. ಎರಡು ಬೆರಳಲ್ಲಿ ಹದವಾಗಿ ಒತ್ತಿದರೆ ಬೇಳೆ ತಟ್ಟೆಗೆ ಬೀಳಬೇಕು. ಅವತ್ತು ಅದು ಹೋಗಿ ಎದುರು ಗೋಡೆಗೆ ಬಡಿಯುತ್ತಿತ್ತು. ಅಷ್ಟು ಸಿಟ್ಟು ನನಗೆ. ಮಂಡಿನೋವಿನವಳೆಂದು ಮಾಡಿಸಿಕೊಂಡ ಗೇಣೆತ್ತರದ ಹಲಸಿನ ಮಣೆಯ ಮೇಲೆ ಕೂತಿದ್ದೆನಾದ್ದರಿಂದ ಎದ್ದು ಹೋಗಿ ಬಾರಿಸಲು ತಡವಾಗುತ್ತಿತ್ತು. ಇಲ್ಲದಿದ್ದರೆ ನನ್ನ ತಮ್ಮ ಬೋರಲಿಂಗನ ಬೆನ್ನು ಅಂದೇ ಬಾತುಕೊಳ್ಳುತ್ತಿತ್ತು.

ಅವನು ಅಂಗಳದಲ್ಲಿ ನನ್ನ ಮಗಳು ಇಂದ್ರಾಣಿಯ ಕಾರಿನ ನಾಲ್ಕು ಚಕ್ರವನ್ನೂ ಬಿಚ್ಚಿ, ಅದನ್ನು ಇಟ್ಟಿಗೆಗಳ ಮೇಲೆ ಕೂರಿಸಿ, ಅದರ ಹೊಟ್ಟೆಯ ಕೆಳಗೆ ಮಲಗಿ ಸಿಳ್ಳೆ ಹಾಕುತ್ತಿದ್ದ.

ಆ ಕಾರು ಇಂದ್ರಾಣಿಯ ಅನ್ನ. ಬಟ್ಟೆ ಕಾರ್ಖಾನೆಯಲ್ಲಿ ನಿಂತೂ ನಿಂತೂ ಕಾಲು ಊದಿಸಿಕೊಂಡು, ಹತ್ತಿಯ ದೂಳಿಗೆ ಕೆಮ್ಮು ಹತ್ತಿಸಿಕೊಂಡು ಬಿಟ್ಟು ಬಂದವಳು, ಡ್ರೈವಿಂಗ್ ಕಲಿತು ಈ ಹಳೆಯ ಗಾಡಿ ಹಿಡಿದಿದ್ದಳು. ಈಗ ಮಂಡ್ಯದ ಮಂಡಿನೋವಿನ ಆಸ್ಪತ್ರೆಯವರಿಗೆ ನಮ್ಮ ಮಳವಳ್ಳಿಯಿಂದ ದಿನಾ ರೋಗಿಗಳನ್ನು ಕರೆದೊಯ್ಯಲು ಒಂದು ಕಾರು ಬೇಕಿತ್ತು. ಅದು ಸಿಕ್ಕರೆ ವರ್ಷಪೂರ್ತಿ ಬಾಡಿಗೆ. ಸಿಗದಿದ್ದರೆ ಕಾರು ಮಾರಿ ಮತ್ತೆ ಕಾರ್ಖಾನೆಯ ಕೆಮ್ಮಿಗೆ. ಆದರೆ ಅವರದೊಂದು ಷರತ್ತಿತ್ತು: ರೋಗಿ ಕಾಲೆತ್ತಲು ಕಷ್ಟಪಡದೆ ಹತ್ತುವಂತಿರಬೇಕು. ಶುಕ್ರವಾರ ಡಾಕ್ಟರೇ ಬಂದು ನೋಡುತ್ತಾರೆ. ನಮ್ಮ ಗಾಡಿಯೋ ಅಟ್ಟದ ಹಾಗೆ ಎತ್ತರ. ಎದುರು ಮನೆಯ ಬಿಳಿಗಿರಿಯಮ್ಮ ಅದಕ್ಕೆ ಹತ್ತಬೇಕಾದರೆ ಒಳಗಿಂದ ಒಬ್ಬರು ಎಳೆದು ಹಿಂದಿನಿಂದ ಇಬ್ಬರು ನೂಕಬೇಕು.

ಸಸ್ಪೆನ್ಶನ್ ಇಳಿಸಿಕೊಡಿ ಎಂದು ದೊಡ್ಡ ಗ್ಯಾರೇಜಿನಲ್ಲಿ ಕೇಳಿದ್ದಕ್ಕೆ ಅವರು ಹೇಳಿದ ರೇಟು ಕೇಳಿ ಇಂದ್ರಾಣಿ ಅಲ್ಲೇ ಒಂದು ಚೊಂಬು ನೀರು ಕುಡಿದು ಬಂದಳು. ಇನ್ನೊಬ್ಬ, ಇರುವ ಸ್ಪ್ರಿಂಗನ್ನೇ ಗ್ಯಾಸಿನಲ್ಲಿ ಕತ್ತರಿಸಿಬಿಡೋಣ ಎಂದ. ಹಾಗೆ ಮಾಡಿದರೆ ಪ್ರತಿ ಗುಂಡಿಗೂ ರೋಗಿಯ ಮಂಡಿಯ ಜೊತೆಗೆ ಸೊಂಟವೂ ಹೋಗುತ್ತದೆ ಎಂದು ಇಂದ್ರಾಣಿ ಒಪ್ಪಲಿಲ್ಲ. ಆಗಲೇ ಬೋರಲಿಂಗ ಎದೆ ತಟ್ಟಿಕೊಂಡದ್ದು.

ಬೋರಲಿಂಗ ಯಾರೆಂದು ತಿಳಿಸಬೇಕು. ಹುಲಿಯೂರುದುರ್ಗದಲ್ಲಿ ಅವನ ಹೆಂಡತಿ ಹೊನ್ನಮ್ಮನ ಹಿಟ್ಟಿನ ಗಿರಣಿ ಇದೆ. ಅದಕ್ಕೆ ಇವನೊಂದು ಸುಧಾರಣೆ ಮಾಡಿ, ಊರಿನವರ ರಾಗಿಹಿಟ್ಟೆಲ್ಲ ಹಾರಿ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದ ಜನರ ಮೇಲೆ ಬಿದ್ದಿತ್ತು. ಆಗ ಆ ಹೆಣ್ಣುಮಗಳು, ಒಂದು ವಾರ ಅಕ್ಕನ ಮನೆಯಲ್ಲಿದ್ದು ಬನ್ನಿ ಎಂದು ಕಳಿಸಿದಳು. ಆ ವಾರ ಇನ್ನೂ ಮುಗಿದಿಲ್ಲ. ಇದು ಅವನು ನಮ್ಮ ಮನೆಯಲ್ಲಿ ತಿನ್ನುತ್ತಿರುವ ಮೂರನೆಯ ವರ್ಷದ ಅವರೆಕಾಳು.

ನಾನೇನು ಸುಮ್ಮನಿರಲಿಲ್ಲ. ಮೊದಲ ವರ್ಷವೇ ಹೊನ್ನಮ್ಮನಿಗೆ ಕಾಗದ ಬರೆದಿದ್ದೆ: ನಿನ್ನ ಗಂಡನನ್ನು ದಯವಿಟ್ಟು ಕರೆದುಕೊಂಡು ಹೋಗು. ವಿಳಾಸ ಬರೆದು, ಅಂಚೆಚೀಟಿ ಅಂಟಿಸಿ, ಇನ್ನೊಂದು ದಿನ ನೋಡೋಣವೆಂದು ನನ್ನ ಮಂಚದ ಮೇಲಿನ ತೊಲೆಯ ಸಂದಿಯಲ್ಲಿ ಸಿಕ್ಕಿಸಿಟ್ಟೆ. ಆಗ ಸ್ಟೂಲು ಹತ್ತುವ ಮಂಡಿ ಇತ್ತು. ಈಗಿಲ್ಲ. ಇಂದ್ರಾಣಿ ಗಿಡ್ಡ, ಸ್ಟೂಲು ಹತ್ತಿದರೂ ಅವಳ ಕೈಗೆ ತೊಲೆ ಸಿಗದು. ಮನೆಯಲ್ಲಿ ಉದ್ದವಿರುವವನು ಬೋರಲಿಂಗನೊಬ್ಬನೇ. ನಿನ್ನನ್ನು ಸಾಗಹಾಕುವ ಕಾಗದ ಮೇಲಿದೆ, ವಸಿ ತೆಗೆದುಕೊಡಪ್ಪ ಎಂದು ಅವನನ್ನು ಕೇಳುವುದು ಹೇಗೆ? ಇನ್ನೊಂದು ಬರೆಯಬಹುದಿತ್ತಲ್ಲ ಅನ್ನಬೇಡಿ. ಐವತ್ತು ದಾಟಿದ ಮೇಲೆ ರಾತ್ರಿ ಶಾಲೆಯಲ್ಲಿ ಕಲಿತ ಅಕ್ಷರ ನನ್ನದು. ಒಂದೂ ತಪ್ಪಿಲ್ಲದೆ, ‘ಹ’ ಇರಬೇಕಾದಲ್ಲೆಲ್ಲ ‘ಹ’ ಹಾಕಿ ಬರೆದ ಅಂಥ ಕಾಗದ ಎರಡು ಸಲ ಬರುವಂಥದಲ್ಲ.

ಹೊಸ ಸ್ಪ್ರಿಂಗುಗಳನ್ನು ಬೋರಲಿಂಗ ತಾನೇ ಎರಕ ಹೊಯ್ದಿದ್ದ. ಭಜನೆ ಮಂಡಳಿಯವರು ಬಿಸಾಡಿದ ಹಾರ್ಮೋನಿಯಂನ ಹಿತ್ತಾಳೆ ಪಟ್ಟಿಗಳು, ಒಂದು ಒಡೆದ ಮೈಕಿನ ಕೊಂಬು, ಮತ್ತೆ ಹೆಸರು ಹೇಳದ ಒಂದು ಪುಡಿ. ಮಾತನ್ನು ಕೇಳಿ ಕೇಳಿ ಬೆಳೆದ ಲೋಹವಾದ್ದರಿಂದ ಅದಕ್ಕೆ ಕಿವಿ ಇರುತ್ತದಂತೆ. ಏರಿಸುವುದಕ್ಕೆ ಇಳಿಸುವುದಕ್ಕೆ ಪಂಪು, ಗಾಳಿಚೀಲ, ಸ್ವಿಚ್ಚು ಎಂದರೆ ದುಡ್ಡು ಬೇಕು.

“ಮಾತ್ಗೆ ಕಾಸು ಕೊಡ್ಬೇಕಾ ಅಕ್ಕಯ್ಯ? ಬಾಯಲ್ಲಿ ಅಂದ್ರೆ ಸಾಕು, ಕೇಳ್ತದೆ,” ಎಂದ.

ಚಕ್ರ ಹಾಕಿದ ಮೇಲೆ ಬೀದಿಯವರನ್ನೆಲ್ಲ ಕರೆದು ಪ್ರದರ್ಶನ ಮಾಡಿದ. ಕಾರಿನ ಮುಂದೆ ಕೈಕಟ್ಟಿ ನಿಂತು, “ಕೂತ್ಕೋ” ಎಂದ. ಕಾರು ಉಸ್ಸೆಂದು, ದಣಿದ ಎಮ್ಮೆಯ ಹಾಗೆ, ಮುಂದಿನ ಭಾಗವನ್ನೂ ಹಿಂದಿನ ಭಾಗವನ್ನೂ ಇಳಿಸಿ ಕೂತಿತು. ಬಿಳಿಗಿರಿಯಮ್ಮ ಹೊಸಿಲು ದಾಟುವ ಹಾಗೆ ಒಳಗೆ ಹೋದಳು. “ಏಳು” ಎಂದ. ಎದ್ದಿತು. ಕೂತ್ಕೊಳ್ಳಿ, ಏಳಿ, ಎಂದು ಮರ್ಯಾದೆ ಕೊಟ್ಟರೂ ಕೇಳುತ್ತಿತ್ತು. ಇಂದ್ರಾಣಿ ಕಣ್ಣೊರೆಸಿಕೊಂಡು ಮಾವನ ಕಾಲಿಗೆ ಬಿದ್ದಳು. ನಾನೂ ಅವನ ತಟ್ಟೆಗೆ ಹಿದುಕವರೆ ಸಾರು ಇನ್ನೊಂದು ಸೌಟು ಹಾಕಿದೆ. ಆ ಸೌಟಿನ ಬಗ್ಗೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಮಾರನೆಯ ದಿನ ಬಿಳಿಗಿರಿಯಮ್ಮನನ್ನೂ ಅವಳ ಓರಗಿತ್ತಿ ಸಣ್ಣತಾಯಮ್ಮನನ್ನೂ ಇಂದ್ರಾಣಿ ಸಂತೆಗೆ ಕರೆದೊಯ್ದಳು. ಓರಗಿತ್ತಿಯರು ಕಾರು ಹತ್ತಿದರೆ ಸುಮ್ಮನೆ ಕೂರುತ್ತಾರೆಯೇ? ಸೊಸೆಯ ವಿಷಯ ತೆಗೆದರು. “ಆಮೇಲ್ ಏನಂದ್ಲು, ಏಳು” ಎಂದಳು ಒಬ್ಬಳು. “ಎಂಗ್ ಏಳ್ಲವ್ವ” ಎಂದಳು ಇನ್ನೊಬ್ಬಳು. “ಏಳವ್ವ, ನಾನ್ ಯಾರ್ಗೂ ಏಳಲ್ಲ.”

ನಮ್ಮ ಸೀಮೆಯ ಬಾಯಲ್ಲಿ ‘ಹ’ ಎಂಬ ಅಕ್ಷರ ನಿಲ್ಲುವುದಿಲ್ಲ. ಹಾಲು ಆಲಾಗುತ್ತದೆ, ಹೂವು ಊವಾಗುತ್ತದೆ, ಹೇಳು ಎಂಬುದು ಏಳಾಗುತ್ತದೆ. ಕಾರಿಗೆ ಏನು ಗೊತ್ತು? ಏಳು ಎಂದಾಗಲೆಲ್ಲ ಎದ್ದಿತು. ಸೊಸೆಯ ಕತೆ ಅರ್ಧ ಮುಗಿಯುವಷ್ಟರಲ್ಲಿ ಕಬ್ಬಿನ ಲಾರಿಯ ಮೇಲಿನ ಕೂಲಿಯವನೊಬ್ಬ ಕಿಟಕಿಯಲ್ಲಿ ಇಣುಕಿ, ಎಲ್ಲಿಗೆ ಹೋಗುತ್ತಿದ್ದೀರಿ ಎಂದು ವಿಚಾರಿಸಿದನಂತೆ. ಸಂತೆಯಲ್ಲಿ ಇಬ್ಬರನ್ನೂ ತೆಂಗಿನಕಾಯಿ ಕೀಳುವವನ ಏಣಿ ತಂದು ಇಳಿಸಬೇಕಾಯಿತು. ಕೂತ್ಕೋ ಎನ್ನಲು ಗಾಬರಿಯಲ್ಲಿ ಯಾರಿಗೂ ತೋಚಲಿಲ್ಲ.

“ನಿಮ್ ಬಾಯ್ದು ತಪ್ಪು, ಸ್ಪ್ರಿಂಗ್ದಲ್ಲ,” ಎಂದ ಬೋರಲಿಂಗ.

“ಬಾಯಿಲ್ದ ಪ್ಯಾಸೆಂಜರ್ನ ಎಲ್ಲಿಂದ ತರ್ಲಿ ಮಾವ?” ಎಂದು ಇಂದ್ರಾಣಿ ಕೇಳಿದಳು.

ಬುಧವಾರ ಇದಕ್ಕಿಂತ ಘನವಾಯಿತು. ನಮ್ಮ ಮನೆಯ ಹಿಂದಿನ ಗೋಡೆಗೆ ಅಂಟಿಕೊಂಡೇ ಪ್ರಾಥಮಿಕ ಶಾಲೆ. ಅಂಗಳದಲ್ಲಿ ಇಂದ್ರಾಣಿ ಕಾರಿನೊಳಗೆ ಕೂತು ಕನ್ನಡಿ ಒರೆಸುತ್ತಿದ್ದಳು. ಮಕ್ಕಳು ಮಗ್ಗಿ ಶುರು ಮಾಡಿದರು. ಆರರ ಮಗ್ಗಿಯವರೆಗೆ ಲೋಕ ಚೆನ್ನಾಗಿತ್ತು; ಆರೇಳ್ಲ ಎಂದು ಇನ್ನೊಂದಕ್ಕೆ ಅಂಟಿ ಬರುವ ಏಳು ಕಾರಿಗೆ ತಿಳಿಯುತ್ತಿರಲಿಲ್ಲ. ಏಳೊಂದ್ಲ ಏಳು ಎಂದರು; ಕಾರು ನೆಗೆದು ಎದ್ದಿತು. ಏಳೆರಡ್ಲ ಹದಿನಾಲ್ಕು, ಏಳ್ಮೂರ್ಲ ಇಪ್ಪತ್ತೊಂದು. ಹಂಚಿನ ಮಾಡು ಕೆಳಗಾಯಿತು. ಎಪ್ಪತ್ತು ಮುಟ್ಟುವಾಗ ನನ್ನ ಮಗಳು ಪಕ್ಕದವರ ಮಹಡಿಯಲ್ಲಿ ಒಣಹಾಕಿದ್ದ ಸಂಡಿಗೆಯ ಪಕ್ಕದಲ್ಲಿದ್ದಳು. ನಾನು ಕೆಳಗಿನಿಂದ ಕೂತ್ಕೋ, ಕೂತ್ಕೋ ಎಂದು ಗಂಟಲು ಹರಿದುಕೊಂಡು ಇಳಿಸಿದೆ. ಬೋರಲಿಂಗ ಮಾತ್ರ ತಲೆಯೆತ್ತಿ ನೋಡಿ, ಸ್ಪ್ರಿಂಗಿಗೆ ಗಣಿತವೂ ಬರುತ್ತದಲ್ಲ ಎಂದು ಹಿಗ್ಗುತ್ತಿದ್ದ.

“ನಾಡಿದ್ದು ಡಾಕ್ಟ್ರು ಬರ್ತಾರೆ. ಬಿಚ್ಚು ಇದನ್ನ,” ಎಂದೆ.

ಹಳೆಯ ಸ್ಪ್ರಿಂಗುಗಳನ್ನು ಎಲ್ಲಿಟ್ಟಿದ್ದೇನೋ ನೆನಪಾಗುತ್ತಿಲ್ಲ ಎಂದ. ಅವು ಸಿಕ್ಕಿದರೂ ಕಾರು ಮತ್ತೆ ಅಟ್ಟದೆತ್ತರವೇ ಅಲ್ಲವೇ ಎಂದೂ ಕೇಳಿದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಉಳಿದ ದಾರಿ ಒಂದೇ. ರಾತ್ರಿ ಶಾಲೆಯ ಮೇಷ್ಟರು ನಮಗೆ ‘ಹ’ ಕಲಿಸಿದ್ದು ಕಾಗದದ ಚೂರಿನಿಂದ. ಅದನ್ನು ತುಟಿಯ ಮುಂದೆ ಹಿಡಿದು ಹೇಳು ಎನ್ನಬೇಕು. ಉಸಿರು ತಗುಲಿ ಕಾಗದ ಅಲುಗಿದರೆ ‘ಹ’, ಅಲುಗದಿದ್ದರೆ ಇನ್ನೊಮ್ಮೆ. ಗುರುವಾರವಿಡೀ ನಾನು ನಮ್ಮ ಕುಲುಮೆ ಬೀದಿಯ ಹೆಂಗಸರನ್ನು ಜಗಲಿಯ ಮೇಲೆ ಕೂರಿಸಿಕೊಂಡು ಅದನ್ನೇ ಮಾಡಿಸಿದೆ. ಬಿಳಿಗಿರಿಯಮ್ಮ ಎಷ್ಟು ಬಲವಾಗಿ ‘ಹ’ ಎಂದಳೆಂದರೆ ಕಾಗದದ ಜೊತೆಗೆ ಬಾಯಲ್ಲಿದ್ದ ಎಲೆಅಡಿಕೆಯೂ ನನ್ನ ಸೀರೆಗೆ ಬಂತು. ಬೋರಲಿಂಗ ಮಾತ್ರ ಪಾಠಕ್ಕೆ ಬರಲಿಲ್ಲ. ಸ್ಪ್ರಿಂಗು ಹುಟ್ಟಿಸಿದವನಿಗೆ ಅಕ್ಷರಾಭ್ಯಾಸವೇ ಎಂದ.

ಶುಕ್ರವಾರ ಡಾಕ್ಟರ್ ಮೇದಿನಿ ಬಂದರು. ಒಳ್ಳೆಯ ಹೆಂಗಸು, ಮಾತು ಮೆತ್ತಗೆ. ಯಾರ ಬಾಯಿ ಎಲ್ಲಿ ಜಾರುತ್ತದೋ ಎಂದು ಕಾಯಲು ನಾನು ಮಣೆ ತಂದು ಕಾರಿನ ಬಾಗಿಲ ಪಕ್ಕದಲ್ಲೇ ಹಾಕಿಕೊಂಡಿದ್ದೆ. ಏಳುವಿನ ಬಗ್ಗೆ ಎಲ್ಲರೂ ಎಚ್ಚರವಾಗಿದ್ದೆವು. ಕೂರುವುದರ ಬಗ್ಗೆ ಯಾರೂ ಯೋಚಿಸಿರಲಿಲ್ಲ. ಮನೆಗೆ ಬಂದವರಿಗೆ ಏನನ್ನುತ್ತೇವೆ? ನಾನು ಕೂತ್ಕೊಳ್ಳಿ ಎಂದೆ. ಇಂದ್ರಾಣಿ ಕಾಫಿ ತಂದು, ಕೂತ್ಕೊಳ್ಳಿ ಮೇಡಂ ಎಂದಳು. ಬಿಳಿಗಿರಿಯಮ್ಮ ರಸ್ತೆಯಾಚೆಯಿಂದಲೇ, ನಿಂತೇ ಇದ್ದೀರಲ್ಲ ಕೂತ್ಕೊಳ್ಳಿ ಎಂದು ಕೂಗಿದಳು. ಕಾರು ಕೂತು, ಕೂತು, ಕೊನೆಗೆ ಹೊಟ್ಟೆಯನ್ನು ನೆಲಕ್ಕೆ ಹಚ್ಚಿ ಮಲಗಿಬಿಟ್ಟಿತು.

ಡಾಕ್ಟರಿಗೆ ಬಹಳ ಸಂತೋಷವಾಯಿತು. ಕಾಲೆತ್ತದೆಯೇ ಒಳಗೆ ಹೋಗಿ ಕೂತರು, ಇಷ್ಟು ತಗ್ಗಿನ ಗಾಡಿ ತಾವು ನೋಡಿಯೇ ಇಲ್ಲವೆಂದರು. ಪುಸ್ತಕ ತೆರೆದು ಗಾಡಿಯ ನಂಬರು ಕೇಳಿದರು.

ಇಂದ್ರಾಣಿ ನನ್ನ ಮುಖ ನೋಡಿದಳು. “ನಾಲ್ಕು ಮೇಡಂ. ಆಮೇಲೆ ಆರಾದ್ಮೇಲೆ ಬರೋದು. ಆಮೇಲೆ ಒಂದು. ಆಮೇಲೆ ಆರಾದ್ಮೇಲೆ ಬರೋದೇ ಇನ್ನೊಂದ್ಸಲ.”

“ಓ, ನಾಲ್ಕು ಏಳು ಒಂದು ಏಳಾ?” ಎಂದರು ಡಾಕ್ಟರು.

ಕಾರು ನೆಲ ಬಿಟ್ಟು ನಮ್ಮ ಸೊಂಟದವರೆಗೆ ಬಂತು. ಅಲ್ಲಿಗೆ ನಿಂತಿದ್ದರೆ ಏನೋ ಒಂದು ಸಬೂಬು ಹೇಳಬಹುದಿತ್ತು. ಆದರೆ ಬೋರಲಿಂಗ ಓಡಿ ಬಂದ. ಇಷ್ಟು ಓದಿದವರೊಬ್ಬರು ಅವನ ಸ್ಪ್ರಿಂಗಿನ ಮೇಲೆ ಕೂತಿದ್ದು ಅದೇ ಮೊದಲು.

“ಎದ್ರುಕಬ್ಯಾಡಿ ಡಾಕ್ಟ್ರಮ್ಮ, ನಾನ್ ಏಳ್ತೀನಿ ಕೇಳಿ. ಈ ಒಸ ಸ್ಪ್ರಿಂಗ್ ಗುಟ್ಟ ಯಾರ್ಗೂ ಏಳಿಲ್ಲ, ನಿಮ್ಗೇ ಮೊದ್ಲು ಏಳ್ತಿರೋದು. ಅಕ್ಕಯ್ಯ, ನೀನೂ ವಸಿ ಏಳು!”

ಕಾರು ಕರೆಂಟು ಕಂಬದ ದೀಪಕ್ಕೆ ಹೋಗಿ ತಾಗಿತು. ಮೇಲಿಂದ ಡಾಕ್ಟರ ಪುಸ್ತಕ ಬಿತ್ತು, ಆಮೇಲೆ ಒಂದು ಚಪ್ಪಲಿ ಬಿತ್ತು. ನನ್ನ ಮಗಳು ಆ ಚಪ್ಪಲಿಯನ್ನು ಎತ್ತಿಕೊಂಡು ಎದೆಗೊತ್ತಿಕೊಂಡು ನಿಂತಳು. ಅಳಲಿಲ್ಲ. ಕೆಮ್ಮಿದಳು. ಹಳೆಯ ಕೆಮ್ಮು.

ನಾನು ಮಣೆಯಿಂದ ಎದ್ದೆ. ಮಂಡಿಗೆ ಕೇಳಲೂ ಇಲ್ಲ.

“ಬೋರಲಿಂಗ, ಬಾಯ್ ಮುಚ್ಕೊಂಡು ಕೂತ್ಕೋ,” ಎಂದೆ.

ತಮ್ಮ ಇದ್ದಲ್ಲೇ ದೊಪ್ಪನೆ ಕೂತ. ಅವನಿಗಿಂತ ಹೆಚ್ಚು ಹೆದರಿ ಕಾರೂ ಇಳಿಯಿತು. ಇಳಿಯುತ್ತಾ ಇಳಿಯುತ್ತಾ ಮೊದಲಿದ್ದ ಅಟ್ಟದೆತ್ತರಕ್ಕೆ ಬಂದು ನಿಂತಿತು. ಯಾರೂ ತುಟಿ ಬಿಚ್ಚಕೂಡದು ಎಂದು ನಾನು ಬೆರಳು ತೋರಿಸಿದೆ. ಕುಲುಮೆ ಬೀದಿ ಅಷ್ಟು ಮೌನವಾಗಿದ್ದದ್ದು ಗ್ರಹಣದ ದಿನವೂ ಇಲ್ಲ.

ಬಾಗಿಲು ತೆರೆಯಿತು. ಚಪ್ಪಲಿಯಿಲ್ಲದ ಕಾಲೊಂದು ಹೊರಗೆ ಬಂದು ಗಾಳಿಯಲ್ಲಿ ನೆಲ ಹುಡುಕಿತು. ಸಿಕ್ಕಿದ್ದು ನನ್ನ ಹಲಸಿನ ಮಣೆ. ಅದರ ಮೇಲೊಂದು ಕಾಲು, ಆಮೇಲೆ ಇನ್ನೊಂದು, ಆಮೇಲೆ ನೆಲ. ಡಾಕ್ಟರು ಇಳಿದು, ಸೆರಗು ಸರಿಮಾಡಿಕೊಂಡು, ಮಣೆಯನ್ನೇ ನೋಡುತ್ತಾ ನಿಂತರು. ಮತ್ತೆ ಅದರ ಮೇಲೆ ಕಾಲಿಟ್ಟು ಹತ್ತಿದರು. ಮತ್ತೆ ಇಳಿದರು.

“ಇದು ಯಾರದು?”

ನನ್ನದು ಎಂದೆ.

“ಇದು ಸಾಕಲ್ಲ. ಹಳೇ ಸ್ಪ್ರಿಂಗೇ ಹಾಕ್ಸಿ. ಈ ಮಣೆ ಗಾಡೀಲಿರ್ಲಿ. ಸೋಮವಾರದಿಂದ ಬನ್ನಿ,” ಎಂದರು. ಆಮೇಲೆ ಇಂದ್ರಾಣಿಯ ಕೈಯಿಂದ ಚಪ್ಪಲಿ ತೆಗೆದುಕೊಂಡು, ಆ ಕೆಮ್ಮಿಗೆ ಒಂದು ಔಷಧಿಯನ್ನೂ ಬರೆದುಕೊಟ್ಟರು.

ಸಂತೋಷಪಡಬೇಕಾದ ಹೊತ್ತು ಅದು. ಪಟ್ಟೆ. ಆದರೆ ಎಲ್ಲರೂ ಹೋದ ಮೇಲೆ ನನಗೆ ಬಂದ ಸಿಟ್ಟು ಹಿಂದೆಂದೂ ಬಂದಿರಲಿಲ್ಲ. ವಾರವೆಲ್ಲ ಆ ಉತ್ತರದ ಮೇಲೆಯೇ ನಾನು ಕೂತು ಅವರೆಕಾಳು ಹಿದುಕಿದ್ದೆನಲ್ಲ! ಈಗ ಮಣೆಯೂ ಹೋಯಿತು.

ಹಳೆಯ ಸ್ಪ್ರಿಂಗುಗಳು ಹಿತ್ತಲ ನೀರೊಲೆಯ ಹಿಂದೆ ಸಿಕ್ಕವು. ಬೀದಿಯ ಕೊನೆಯ ಮೆಕ್ಯಾನಿಕ್ ಬಂದು ಹಾಕಿಕೊಟ್ಟ. ಕಿವಿಯಿರುವ ಸ್ಪ್ರಿಂಗುಗಳನ್ನು ಗುಜರಿಗೆ ಹಾಕು ಎಂದು ಬೋರಲಿಂಗನಿಗೆ ಹೇಳಿದೆ. ಆಗಲಿ ಎಂದ. ಅಷ್ಟು ಸುಲಭವಾಗಿ ಅವನು ಒಪ್ಪಿದಾಗಲೇ ನನಗೆ ಅನುಮಾನ ಬರಬೇಕಿತ್ತು.

ಸೋಮವಾರ ಬೆಳಿಗ್ಗೆ ಸ್ನಾನ ಮಾಡಿ ಬಂದು ಮಂಚದ ಮೇಲೆ ಕಾಲು ಚಾಚಿದೆ. ಮಣೆಯಿಲ್ಲವಲ್ಲ, ಇನ್ನೆಲ್ಲಿ ಕೂರಲಿ? ಗೋಡೆಯಾಚೆ ಮಕ್ಕಳು ಆರರ ಮಗ್ಗಿ ಮುಗಿಸಿದರು. ಏಳೊಂದ್ಲ ಏಳು ಎಂದರು.

ಮಂಚ ಎದ್ದಿತು.

ಕೂಗಲು ಬಾಯಿ ತೆರೆದೆ. ಅಷ್ಟರಲ್ಲಿ ಕ್ಯಾಲೆಂಡರು ಕೆಳಗೆ ಹೋಯಿತು, ದೇವರ ಪಟ ಕೆಳಗೆ ಹೋಯಿತು. ಏಳ್ನಾಕ್ಲ ಇಪ್ಪತ್ತೆಂಟು, ಏಳೈದ್ಲ ಮೂವತ್ತೈದು. ತೊಲೆ ನನ್ನ ಮುಖದ ಹತ್ತಿರ ಬಂತು. ಅದರ ಸಂದಿಯಲ್ಲಿ, ಜೇಡರ ಬಲೆಯ ಹಿಂದೆ, ನನ್ನ ಕಾಗದ. ಕೂತ್ಕೋ ಎನ್ನಲು ಹೊರಟಿದ್ದ ಬಾಯಿಯನ್ನು ಮುಚ್ಚಿಕೊಂಡೆ. ಇನ್ನೂ ಒಂದು ಮೊಳ ಬೇಕಿತ್ತು. ಮಕ್ಕಳು ನಿಧಾನವಾಗಿ, ಒಂದನ್ನೂ ತಪ್ಪದೆ ಹೇಳಿದರು. ಆ ಶಾಲೆಯಲ್ಲಿ ಪಾಠ ಚೆನ್ನಾಗಿ ನಡೆಯುತ್ತದೆ. ಅರವತ್ಮೂರಕ್ಕೆ ನನ್ನ ಬೆರಳಿಗೆ ಕಾಗದ ಸಿಕ್ಕಿತು.

ಕೆಳಗೆ ಬೋರಲಿಂಗ ಬಾಗಿಲಲ್ಲಿ ನಿಂತು ಕಾಣಿಸಿದ. ನಿನ್ನ ಮಂಡಿಗೋಸ್ಕರ ಮಾಡಿದ್ದು, ಇನ್ನು ಮಂಚದಿಂದ ಏಳುವ ಕಷ್ಟವೇ ಇಲ್ಲ ಎಂದು ಹಲ್ಲು ಬಿಟ್ಟ. ಇಂದ್ರಾಣಿ ಮಣೆಯನ್ನು ಕಂಕುಳಲ್ಲಿಟ್ಟುಕೊಂಡು ಆಸ್ಪತ್ರೆಗೆ ಹೊರಟಿದ್ದವಳು, ಸದ್ದು ಕೇಳಿ ಒಳಗೆ ಬಂದಳು. ನಾನು ಕಾಗದದ ದೂಳು ಒರೆಸಿ ಮೇಲಿಂದ ಬಿಟ್ಟೆ. ಅದು ತೇಲುತ್ತಾ ಹೋಗಿ ಅವಳ ಕೈಗೆ ಬಿತ್ತು. ವಿಳಾಸ ಓದಿದಳು. ಮಾವನ ಮುಖವನ್ನೊಮ್ಮೆ ನೋಡಿದಳು. ಅಂಚೆಪೆಟ್ಟಿಗೆ ದಾರಿಯಲ್ಲೇ ಇದೆ ಎಂದಷ್ಟೇ ಹೇಳಿ ಹೊರಟಳು.

“ಯಾರ್ಗಕ್ಕಯ್ಯ ಕಾಗ್ದ? ನನ್ಗೂ ಏಳು,” ಎಂದ ಬೋರಲಿಂಗ.

ನನ್ನ ತಲೆ ತೊಲೆಗೆ ಬಡಿಯಿತು.

“ಹೇಳೋದಿಲ್ಲ,” ಎಂದೆ. ಮಂಚ ಕೂದಲೆಳೆಯಷ್ಟೂ ಅಲುಗಲಿಲ್ಲ. ಹೊರಗೆ ಕಾರು ಸ್ಟಾರ್ಟಾಗಿ, ಅಂಚೆಪೆಟ್ಟಿಗೆಯ ಹತ್ತಿರ ಒಂದು ಕ್ಷಣ ನಿಂತು, ಮುಂದೆ ಹೋದದ್ದು ಕೇಳಿಸಿತು. ಅವನ ಯಂತ್ರಗಳಲ್ಲಿ ಒಂದಾದರೂ ಕೆಲಸಕ್ಕೆ ಬಂತು ಎಂದು ಹೊನ್ನಮ್ಮ ಬಂದಾಗ ತಪ್ಪದೆ ತಿಳಿಸುತ್ತೇನೆ.