ಮುಂದಕ್ಕೆ ಜಾಗ ಬಿಟ್ಟ ಕಂಪ್ಯೂಟರ್

ನಮ್ಮ ಚಿಕ್ಕಪ್ಪ ವರ್ತಮಾನಕಾಲದಲ್ಲಿ ಬದುಕಿದ್ದನ್ನು ಕಣ್ಣಾರೆ ಕಂಡವರು ಯಾರೂ ಇಲ್ಲ. ಅವರದೆಲ್ಲ ಭವಿಷ್ಯತ್ಕಾಲವೇ! ಮದುವೆಯ ಪ್ಯಾಂಟು ಹೊಲಿಸುವಾಗ, ಇನ್ನೂ ಬಾರದ ಹೊಟ್ಟೆಗೆಂದು ಸೊಂಟದ ಒಳಗೆ ಬಟ್ಟೆ ಬಿಡಿಸಿದವರು. ಹೂಟಗಳ್ಳಿಯಲ್ಲಿ ಕಟ್ಟಿಸಿದ ಮನೆಗೆ ಒಂದೇ ಅಂತಸ್ತು. ಮೇಲೆ ಬರಲಿರುವ ಅಂತಸ್ತಿಗೆಂದು ತಾರಸಿಯ ತುಂಬ ಕಬ್ಬಿಣದ ಕಂಬಿಗಳನ್ನು ಬಿಟ್ಟಿದ್ದರು. ಆ ಅಂತಸ್ತು ಬರಲಿಲ್ಲ; ಚಿಕ್ಕಮ್ಮ ಕಂಬಿಗಳಿಗೆ ಹಗ್ಗ ಕಟ್ಟಿ ಬಟ್ಟೆ ಒಣಗಿಸಿಕೊಂಡರು. ಕೇಳಿದರೆ ಚಿಕ್ಕಪ್ಪನ ಉತ್ತರ ಒಂದೇ: "ಮುಂದಕ್ಕೆ ಜಾಗ ಇರ್ಲಿ ಕಣೋ."

ಇಂಥವರಿಗೆ ತೊಂಬತ್ತರ ದಶಕದ ಕೊನೆಯಲ್ಲಿ ಕಂಪ್ಯೂಟರಿನ ಹುಚ್ಚು ಹಿಡಿಯಿತು. ಜೋಡಿಸಿದ್ದನ್ನೇ ತರಬಹುದಿತ್ತಲ್ಲ? ಉಹ್ಞೂಂ. "ಅದ್ರಲ್ಲಿ ಮುಂದಕ್ಕೆ ಏನೂ ಸೇರ್ಸಕ್ಕಾಗಲ್ಲ. ನಾನೇ ಜೋಡಿಸ್ತೀನಿ" ಎಂದು ಮೊದಲಿಗೆ ಒಂದು ಖಾಲಿ ಕ್ಯಾಬಿನೆಟ್ಟು ತಂದರು. ಅದರ ಎತ್ತರ ನೋಡಿ ಪಕ್ಕದ ಮನೆಯವರು ಫ್ರಿಜ್ ಬಂತೆಂದುಕೊಂಡರು. ಅದರಲ್ಲಿ ಮೂರು ಸಿ.ಡಿ. ಡ್ರೈವಿಗೆ ಜಾಗವಿತ್ತು. ಮನೆಯಲ್ಲಿ ಒಂದು ಸಿ.ಡಿ.ಯೂ ಇರಲಿಲ್ಲ.

ಒಳಗೆ ಪ್ರೊಸೆಸರ್ ಬೇಕಲ್ಲ, ಅಂದರೆ ಕಂಪ್ಯೂಟರಿನ ಮಿದುಳು? ಅಂಗಡಿಗೆ ಹೋದಾಗಲೆಲ್ಲ ಇದಕ್ಕಿಂತ ವೇಗದ್ದು ಸದ್ಯದಲ್ಲೇ ಬರುತ್ತದೆಂಬ ಸುದ್ದಿ. ಚಿಕ್ಕಪ್ಪ ಬರಿಗೈಯಲ್ಲಿ ವಾಪಸು. ವೇಗಕ್ಕಾಗಿ ಇಷ್ಟು ನಿಧಾನವಾಗಿ ಕಾದ ಮನುಷ್ಯನನ್ನು ನಾನಂತೂ ಬೇರೆ ಕಂಡಿಲ್ಲ.

ಅಷ್ಟರಲ್ಲಿ ದಸರಾ ಬಂತು. ಗೊಂಬೆ ಕೂರಿಸಲು ಮೆಟ್ಟಿಲು ಸಾಲದೆ ಚಿಕ್ಕಮ್ಮ ಕ್ಯಾಬಿನೆಟ್ಟನ್ನು ಅಡ್ಡ ಮಲಗಿಸಿ, ಕೆಂಪು ಬಟ್ಟೆ ಹೊದಿಸಿ, ಮೇಲೆ ಪಟ್ಟದ ಗೊಂಬೆಗಳನ್ನು ಕೂರಿಸಿಬಿಟ್ಟರು. ಗೊಂಬೆ ನೋಡಲು ಬಂದವರೊಬ್ಬರು "ಕಂಪ್ಯೂಟರ್ ತಂದ್ರಂತಲ್ಲ, ಎಲ್ಲಿ?" ಎಂದರು.

"ರಾಜಾ ರಾಣಿ ಕೂತಿದಾರಲ್ಲ, ಅದೇ ಕಣ್ರೀ" ಎಂದರು ಚಿಕ್ಕಮ್ಮ.

ಈ ಚಿಕ್ಕಮ್ಮನಿಗೆ ಪೇಪರಿನ ಪದಬಂಧ ಬಿಡಿಸದೆ ಬೆಳಗಿನ ಕಾಫಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಆದರೆ ಸಕ್ಕರೆ ಕಾಯಿಲೆ ಕಣ್ಣಿಗೂ ತಗುಲಿತ್ತು. ಪೇಪರು ಮೊದಲು ಕಿಟಕಿಯ ಹತ್ತಿರ ಹೋಯಿತು, ಆಮೇಲೆ ಮೂಗಿನ ಹತ್ತಿರ ಬಂತು. "ನನ್ನ ಕಣ್ಣಿರೋದ್ರೊಳಗೆ ನಿಮ್ಮ ಡಬ್ಬ ಹತ್ಕೊಳ್ಳುತ್ತೇನ್ರೀ?" ಎಂದು ಗಂಡನನ್ನು ಕೆಣಕುತ್ತಿದ್ದರು. ಆಗ ಮಾತ್ರ ಚಿಕ್ಕಪ್ಪ "ಮುಂದಕ್ಕೆ" ಎಂಬ ಮಾತು ಎತ್ತುತ್ತಿರಲಿಲ್ಲ.

ಹೋದ ದೃಷ್ಟಿ ವಾಪಸು ಬರುವುದಿಲ್ಲ, ಇರುವುದೂ ಕಡಿಮೆಯಾಗುತ್ತ ಹೋಗಬಹುದು ಎಂದು ಕಣ್ಣಿನ ಡಾಕ್ಟರು ಹೇಳಿದ ದಿನ, ಚಿಕ್ಕಪ್ಪ ಚಿಕ್ಕಮ್ಮನನ್ನು ಮನೆಗೆ ಬಿಟ್ಟವರೇ ನನ್ನನ್ನು ಕರೆದುಕೊಂಡು ನೇರ ಅಂಗಡಿಗೆ ಹೋದರು. ಅಂಗಡಿಯವನು ಇವರ ಸ್ವಭಾವ ಬಲ್ಲವನು. "ಮುಂದಿನ ತಿಂಗಳು ಹೊಸದು ಬರುತ್ತೆ ಸಾರ್" ಎಂದ.

"ಬರ್ಲಿ ಬುಡಪ್ಪ. ಇವತ್ತು ಏನಿದೆಯೋ ಅದನ್ನೇ ಕೊಡು."

ಮಾನಿಟರ್ ಮಾತ್ರ ಅಂಗಡಿಗೇ ದೊಡ್ಡದು! ಆಟೋದಲ್ಲಿ ಅದು ಆರಾಮಾಗಿ ಕೂತಿತು. ನಾವಿಬ್ಬರು ಅಂಚಿಗೆ ಜೋತುಬಿದ್ದು ಬಂದೆವು.

ಭಾನುವಾರ ಡಬ್ಬ ಹತ್ತಿಕೊಂಡಿತು. ಚಿಕ್ಕಪ್ಪ ಅವತ್ತಿನ ಪದಬಂಧದ ಸುಳಿವುಗಳನ್ನು ಒಂದೇ ಬೆರಳಿನಲ್ಲಿ ಕುಟ್ಟಿ, ಒಂದೊಂದು ಅಕ್ಷರವನ್ನೂ ಇಡ್ಲಿಯಷ್ಟು ದೊಡ್ಡದು ಮಾಡಿ, ಚಿಕ್ಕಮ್ಮನನ್ನು ಎದುರಿಗೆ ಕೂರಿಸಿದರು. ಮೂಗು ಮುಂದಕ್ಕೆ ಚಾಚದೆ ಚಿಕ್ಕಮ್ಮ ಮೊದಲ ಸುಳಿವನ್ನು ಓದಿದರು, ಗಟ್ಟಿಯಾಗಿ.

ಸ್ವಲ್ಪ ಹೊತ್ತಿನ ಮೇಲೆ ಚಿಕ್ಕಮ್ಮ ಮೆಲ್ಲಗೆ ಕೇಳಿದರು: "ಇದೂ ಕಾಣ್ದೇ ಹೋದ್ರೆ? ಅಕ್ಷರ ಇನ್ನೂ ದೊಡ್ಡದಾಗುತ್ತೇನ್ರೀ?"

"ಆಗುತ್ತೆ ಕಣೇ" ಎಂದರು ಚಿಕ್ಕಪ್ಪ. "ಮುಂದಕ್ಕೆ ಜಾಗ ಬಿಟ್ಟಿದೀನಿ."