ಸೌತೆಬಳ್ಳಿಗೆ ಸೊಳ್ಳೆಪರದೆ

ನಮ್ಮ ಮಾಳಿಗೆಯ ಮೇಲೆ ಒಂದು ಸೌತೆಕಾಯಿಯೂ ಆಗುವುದಿಲ್ಲ ಎಂದವರು ಯಲಬುರ್ಗಾದ ನಮ್ಮ ಅತ್ತೆ. ಹೊಲದಲ್ಲೇ ಕೂದಲು ಬೆಳ್ಳಗಾದವರ ಮಾತು, ಬೇರೆ ಯಾರಾದರೂ ಒಪ್ಪಿಕೊಂಡುಬಿಡುತ್ತಿದ್ದರು. ಆದರೆ ನಾನು ನಮ್ಮ ಮನೆತನಕ್ಕೇ ಮೊದಲ ಪದವೀಧರೆ, ಅದೂ ಸಸ್ಯಶಾಸ್ತ್ರದಲ್ಲಿ. ರಜೆಯಲ್ಲೆಲ್ಲ ಹತ್ತಿ ಬಿಡಿಸಿ ಫೀ ಕಟ್ಟಿ ಗಳಿಸಿದ ಪದವಿ ಅದು. ಗಾಜಿನ ಚೌಕಟ್ಟಿನಲ್ಲಿ ಗೋಡೆಯ ಮೇಲಿದೆ. ಗಾಜಿಗೆ ಧೂಳು ಹತ್ತದಿರಲೆಂದು ಮೇಲೊಂದು ಪ್ಲಾಸ್ಟಿಕ್ ಹೊದಿಕೆಯೂ ಇದೆ. ಇಂಥವಳು ಒಂದು ಸೌತೆಕಾಯಿಗೆ ಸೋಲುವುದುಂಟೇ?

ಧೂಳಿನ ಮಾತು ಬಂತಲ್ಲ, ನಾವಿರುವುದು ಕಬ್ಬಿಣದ ಕಾರ್ಖಾನೆಗಳ ಗಿಣಿಗೇರಾದಲ್ಲಿ. ಗಂಡ ಶರಣಪ್ಪ ಕಾರ್ಖಾನೆಯೊಂದರಲ್ಲಿ ವೆಲ್ಡರ್, ನಾನು ಅಲ್ಲಿಯೇ ಪ್ರಯೋಗಾಲಯದಲ್ಲಿ ಅದಿರು ಪರೀಕ್ಷಿಸುವವಳು. ಇಬ್ಬರದೂ ಬೇರೆ ಬೇರೆ ಪಾಳಿ, ಹೀಗಾಗಿ ವರ್ಷವಿಡೀ ಸಂಸಾರ ನಡೆದದ್ದು ಫ್ರಿಜ್ಜಿಗೆ ಅಂಟಿಸಿದ ಚೀಟಿಗಳಲ್ಲಿ. ಯುಗಾದಿಗೆ ಮನೆಗೆ ಬಿಳಿ ಬಣ್ಣ ಬಳಿದೆವು. ಮಳೆಗಾಲದ ಹೊತ್ತಿಗೆ ಅದು ತಾನಾಗಿಯೇ ಅದಿರಿನ ಬಣ್ಣಕ್ಕೆ ತಿರುಗಿತು. ಮಾಳಿಗೆಯ ಮೇಲೆ ಸೌತೆಬೀಜ ಊರಿ, ಬಳ್ಳಿಗೆ ಒಂದು ಚಪ್ಪರ ಬೇಕೆಂದು ಚೀಟಿ ಬರೆದೆ. ಶರಣಪ್ಪ ಬೆಸೆದು ನಿಲ್ಲಿಸಿದ ಚಪ್ಪರಕ್ಕೆ ಆನೆ ಕಟ್ಟಿದರೂ ಅಲುಗುತ್ತಿರಲಿಲ್ಲ. ಪಾಪ, ಸೌತೆಬಳ್ಳಿ ಅಂಜಿಕೊಂಡೇ ಅದನ್ನು ಹತ್ತಿತು.

ಬಳ್ಳಿ ಹೂ ಬಿಟ್ಟಿತು. ಖುಷಿ ತಡೆಯಲಾರದೆ, ಕೊಪ್ಪಳದವರು ಮನೆಮನೆಗೆ ಬಂದು ನೋಡುವ ತಾರಸಿ ತೋಟದ ಸ್ಪರ್ಧೆಗೆ ಅರ್ಜಿ ಹಾಕಿಬಿಟ್ಟೆ. ‘ಬೆಳೆ’ ಎಂಬಲ್ಲಿ ಸೌತೆಕಾಯಿ ಎಂದು ದಪ್ಪಕ್ಷರದಲ್ಲಿ ಬರೆದೆ. ಎಲೆಗೆ ಧೂಳು ಕೂರದಿರಲೆಂದು ಮನೆಯ ಸೊಳ್ಳೆಪರದೆಗಳನ್ನು ಹೊಲಿದು ಇಡೀ ಚಪ್ಪರಕ್ಕೆ ಹೊದಿಸಿದೆ. ನಾವಿಬ್ಬರೂ ಸೊಳ್ಳೆ ಕಚ್ಚಿಸಿಕೊಂಡು ಮಲಗಿದೆವು, ಸೌತೆಬಳ್ಳಿ ಪರದೆಯೊಳಗೆ ಮಲಗಿತು. ಹೂವು ರಾಶಿ ರಾಶಿ. ಕಾಯಿ ಮಾತ್ರ ಒಂದೂ ಇಲ್ಲ. ಮಣ್ಣನ್ನು ಕಾರ್ಖಾನೆಗೆ ಒಯ್ದು ಅದಿರಿನ ಜೊತೆ ಪರೀಕ್ಷಿಸಿದೆ. ಗೊಬ್ಬರ ಬದಲಿಸಿದೆ. ತೀರ್ಪುಗಾರರು ಬರಲು ಮೂರು ವಾರ ಉಳಿದಾಗ ಬಂದವರು ಮಾತ್ರ ನಮ್ಮ ಅತ್ತೆ.

ಮಾಳಿಗೆ ಹತ್ತಿದವರು ಪರದೆಯ ಸುತ್ತ ಒಂದು ಸುತ್ತು ಬಂದು, ಇದೇನು ಬಳ್ಳಿಗೆ ಬಾಣಂತನವೇ ಎಂದು ಕೇಳಿದರು. ಧೂಳಿನ ವಿಷಯ ವಿವರಿಸಿದೆ. ಅವರು ಎಲೆಅಡಿಕೆ ಅಗಿಯುತ್ತ ಹೊರಗಿನಿಂದ ಪರದೆಗೆ ಡಿಕ್ಕಿ ಹೊಡೆಯುತ್ತಿದ್ದ ಜೇನುಹುಳವೊಂದನ್ನು ತೋರಿಸಿದರು.

“ಧೂಳು ಬರಬಾರದು ಅಂದಿ, ಛಲೋ ಆತು. ಇವಕ್ಕ ಗೇಟ್‌ಪಾಸ್ ಯಾರು ಕೊಡ್ಬೇಕವಾ?”

ಪರಾಗಸ್ಪರ್ಶದ ಬಗ್ಗೆ ಕಾಲೇಜಿನಲ್ಲಿ ಬಣ್ಣದ ಚಿತ್ರ ತೂಗುಹಾಕಿ ಮುಕ್ಕಾಲು ಗಂಟೆ ಭಾಷಣ ಮಾಡಿದವಳು ನಾನು. ಆ ಚಿತ್ರದಲ್ಲಿ ಜೇನುಹುಳಕ್ಕೆ ಹಳದಿ ಬಳಿದವಳೂ ನಾನೇ. ಕೆಳಗಿಳಿದು ಕತ್ತರಿ ತಂದೆ. ಶರಣಪ್ಪ ನಗು ಅಡಗಿಸಲು ಟ್ಯಾಂಕಿನ ಹಿಂದೆ ಹೋದ.

ಪರದೆ ಹೋಯಿತು, ಹುಳ ಬಂದವು. ತೀರ್ಪುಗಾರರು ಬಂದ ದಿನ ಚಪ್ಪರಕ್ಕೆ ಹನ್ನೊಂದು ಸೌತೆಕಾಯಿ ಜೋತಿದ್ದವು. ಬೆಳಿಗ್ಗೆ ಎದ್ದು ಗಂಡಹೆಂಡತಿ ಒಂದೊಂದನ್ನೂ ಕೂಸಿಗೆ ಎರೆದಂತೆ ತೊಳೆದಿದ್ದೆವು.

ಸಿಕ್ಕದ್ದು ಸಮಾಧಾನಕರ ಬಹುಮಾನ. ಕೊಪ್ಪಳದ ವೇದಿಕೆಯಲ್ಲಿ ನನ್ನ ಹೆಸರಿನ ಮುಂದೆ ಬಿ.ಎಸ್ಸಿ. ಎಂದು ಸೇರಿಸಿ ಕೂಗಿದಾಗ ಪದವಿ ಎರಡನೇ ಸಲ ಬಂದಂತಾಯಿತು. ಪ್ರಮಾಣಪತ್ರ ಹಿಡಿದು ಇಳಿದವಳೇ ಅತ್ತೆಯ ಕೈಗಿತ್ತೆ. ಓದು ಬಾರದ ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಸೆರಗಿನಿಂದ ಒರೆಸಿ, ಮರಳಿ ನನಗೇ ಕೊಟ್ಟರು.

“ಡಿಗ್ರಿ ಬಾಜೂಕ ಹಾಕವಾ. ಆದ್ರ ಇದಕ್ಕ ಪರದಿ ಹೊಚ್ಚಬ್ಯಾಡ, ಹುಳಾನೂ ಬಂದು ನೋಡ್ಲಿ. ಅವೂ ದುಡದಾವ.”